ಅಪ್‌ಡೇಟ್ ಆದ ಮೇಲೆ ಫೋನಿನ ಕ್ಯಾಮೆರಾ ನಿಂತುಹೋದರೆ

ಕ್ಯಾನ್ಯನ್ ಪಾರ್ಕ್ ಸುತ್ತಮುತ್ತ ದುಡಿಯುವ ನಮ್ಮವರಿಗೆ ಫೋನಿನ ಕ್ಯಾಮೆರಾ ಬರೀ ಫೋಟೋಗೆ ಅಲ್ಲ. ಸಂಬಳದ ಚೆಕ್ಕನ್ನು ಮನೆಯಿಂದಲೇ ಬ್ಯಾಂಕಿಗೆ ಜಮಾ ಮಾಡುವುದು ಅದರಿಂದ. ಕೆಲಸದ ಗಂಟೆಗಳ ಹಾಳೆ, ಪಾಸ್‌ಪೋರ್ಟು, ವೀಸಾ ಕಾಗದಗಳ ಪ್ರತಿ ಇಟ್ಟುಕೊಳ್ಳುವುದೂ ಅದರಿಂದ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟಾದರೆ ಊರಲ್ಲಿ ಮರುದಿನ ಬೆಳಗ್ಗೆ ಎಂಟೂವರೆ. ಆ ಹೊತ್ತಿಗೆ ಅಮ್ಮನ ಮುಖ ನೋಡಿ ಮಾತಾಡುವುದೂ ಅದರಿಂದಲೇ.

ರಾತ್ರಿ ಚಾರ್ಜಿಗೆ ಹಾಕಿ ಮಲಗಿರುತ್ತೀರಿ, ಫೋನು ತಾನೇ ಅಪ್‌ಡೇಟ್ ಆಗಿರುತ್ತದೆ, ಬೆಳಗ್ಗೆ ಕ್ಯಾಮೆರಾ ಒತ್ತಿದರೆ ಕಪ್ಪು ಪರದೆ. ಗಾಬರಿ ಬೇಡ. ಅಪ್‌ಡೇಟ್ ಲೆನ್ಸನ್ನು ಒಡೆಯುವುದಿಲ್ಲ. ಹೆಚ್ಚಿನ ಸಲ ತೊಂದರೆ ಇರುವುದು ಅನುಮತಿಯಲ್ಲಿ, ಇಲ್ಲವೇ ಫೋನಿನ ಜಾಗದಲ್ಲಿ. ಆದರೆ ಯಾರು ಏನೇ ಹೇಳಲಿ, 'ಫ್ಯಾಕ್ಟರಿ ರಿಸೆಟ್' ಮಾತ್ರ ಮೊದಲೇ ಮಾಡಬೇಡಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇವೆ.

ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆಮೇಲೆ ಟಾರ್ಚ್ ಹಾಕಿ ನೋಡಿ. ಟಾರ್ಚೂ ಹತ್ತದೆ 'ಕ್ಯಾಮೆರಾ ಬಳಕೆಯಲ್ಲಿದೆ' ಅಂತ ಬಂದರೆ ಬೇರೆ ಯಾವುದೋ ಆ್ಯಪ್ ಅದನ್ನು ಹಿಡಿದುಕೊಂಡಿದೆ ಅಂತ ಅರ್ಥ. ವಾಟ್ಸ್‌ಆ್ಯಪ್ ವಿಡಿಯೊ ಕರೆಯ ಸಣ್ಣ ಕಿಟಕಿ ಮೂಲೆಯಲ್ಲಿ ಉಳಿದಿದೆಯಾ ನೋಡಿ. ಮುಂದಿನ ಕ್ಯಾಮೆರಾ ಸರಿಯಾಗಿದ್ದು ಹಿಂದಿನದು ಮಾತ್ರ ಕಪ್ಪಾಗಿದ್ದರೆ, ಫೋನು ಇತ್ತೀಚೆಗೆ ಬಿದ್ದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಅದು ಭಾಗ ಕೆಟ್ಟಿರುವ ಲಕ್ಷಣ ಇರಬಹುದು.

ಎರಡೂ ಕಪ್ಪಾಗಿದ್ದರೆ ಪರದೆಯನ್ನು ಮೇಲಿಂದ ಕೆಳಗೆ ಎಳೆಯಿರಿ. 2021ರ ಆಂಡ್ರಾಯ್ಡ್ 12ರಿಂದ ಅಲ್ಲಿ 'ಕ್ಯಾಮೆರಾ ಆ್ಯಕ್ಸೆಸ್' ಅನ್ನುವ ಒಂದು ಗುಂಡಿ ಬಂದಿದೆ. ಅದು ಆಫ್ ಆಗಿದ್ದರೆ ಯಾವ ಆ್ಯಪಿಗೂ ಚಿತ್ರ ಸಿಗುವುದಿಲ್ಲ. ಕೈತಾಗಿಯೇ ಆಫ್ ಆಗಿಬಿಡುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಮಾತ್ರ ತೊಂದರೆಯಾದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ಹೋಗಿ, ಪರ್ಮಿಷನ್ಸ್ ಒಳಗೆ ಕ್ಯಾಮೆರಾಗೆ ಒಪ್ಪಿಗೆ ಕೊಡಿ. ತಿಂಗಳುಗಟ್ಟಲೆ ಬಳಸದ ಆ್ಯಪಿನ ಅನುಮತಿಯನ್ನು ಆಂಡ್ರಾಯ್ಡ್ ತಾನೇ ಕಿತ್ತುಹಾಕುತ್ತದೆ. ಐಫೋನ್ ಆದರೆ 'ಪ್ರೈವಸಿ ಅಂಡ್ ಸೆಕ್ಯುರಿಟಿ' ಒಳಗೆ ಕ್ಯಾಮೆರಾ ನೋಡಿ. ಕ್ಯಾಮೆರಾ ಚಿಹ್ನೆಯೇ ಕಾಣೆಯಾಗಿದ್ದರೆ 'ಸ್ಕ್ರೀನ್ ಟೈಮ್' ನಿರ್ಬಂಧ ಹುಡುಕಿ.

ಇಷ್ಟಕ್ಕೂ ಆಗಲಿಲ್ಲವಾ? ಕ್ಯಾಮೆರಾ ಆ್ಯಪಿನ ಸ್ಟೋರೇಜ್‌ಗೆ ಹೋಗಿ 'ಕ್ಲಿಯರ್ ಕ್ಯಾಶ್' ಒತ್ತಿ (ಇದು ದುಡ್ಡಿನ ಕ್ಯಾಶ್ ಅಲ್ಲ, ಆ್ಯಪಿನ ಹಳೇ ಕಸ). ಫೋಟೋ ಹೋಗುವುದಿಲ್ಲ. ಫೋನಿನಲ್ಲಿ ಖಾಲಿ ಜಾಗ ಎಷ್ಟಿದೆ ಅಂತಲೂ ನೋಡಿ. ಉಳಿಸಲು ಜಾಗ ಇಲ್ಲದಿದ್ದರೂ ಕ್ಯಾಮೆರಾ ಮುಷ್ಕರ ಹೂಡುತ್ತದೆ. 2024ರ ಜನವರಿಯಲ್ಲಿ ಒಂದು ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಹಲವರ ಪಿಕ್ಸೆಲ್ ಫೋನುಗಳು ತಮ್ಮದೇ ಸ್ಟೋರೇಜನ್ನು ಓದಲಾಗದೆ ಹೋದವು. ಕ್ಯಾಮೆರಾ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಕ್ಯಾಮೆರಾ ಕೆಟ್ಟಿರಲಿಲ್ಲ, ತೆಗೆದ ಚಿತ್ರ ಇಡಲು ಜಾಗ ಸಿಗುತ್ತಿರಲಿಲ್ಲ, ಅಷ್ಟೇ. ಇಂಥ ಹೊತ್ತಿನಲ್ಲಿ ಮುಂದಿನ ಅಪ್‌ಡೇಟ್‌ವರೆಗೆ ಕಾಯುವುದು ವಾಸಿ.

ಬೇರೆ ಆ್ಯಪ್ ಮೇಲೆ ಅನುಮಾನವಿದ್ದರೆ 'ಸೇಫ್ ಮೋಡ್'ನಲ್ಲಿ ಪರೀಕ್ಷಿಸಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ 'ಪವರ್ ಆಫ್' ಅನ್ನೋ ಅಕ್ಷರವನ್ನು ಒತ್ತಿ ಹಿಡಿದರೆ ಅದು ಬರುತ್ತದೆ. ಆಗ ನೀವು ಹಾಕಿಕೊಂಡ ಆ್ಯಪುಗಳು ಓಡುವುದಿಲ್ಲ. ಅಲ್ಲಿ ಕ್ಯಾಮೆರಾ ಸರಿಯಿದ್ದರೆ ತಪ್ಪು ಅವುಗಳಲ್ಲೊಂದರದು.

ಕ್ಯಾನ್ಯನ್ ಪಾರ್ಕಿನ ಔಷಧ, ವೈದ್ಯಕೀಯ ಉಪಕರಣದ ಕಂಪನಿಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಗಮನಿಸಿ. ಕಂಪನಿ ಕೊಟ್ಟ ಫೋನಿನಲ್ಲಿ, ಅಥವಾ ನಿಮ್ಮ ಫೋನಿಗೆ ಹಾಕಿಕೊಂಡ ಕಂಪನಿಯ ವರ್ಕ್ ಪ್ರೊಫೈಲಿನಲ್ಲಿ, ಕ್ಯಾಮೆರಾ ಮುಚ್ಚುವ ಅಧಿಕಾರ ಅವರಿಗೆ ಇರುತ್ತದೆ. ಅದನ್ನು ನೀವಾಗಿ ತೆಗೆಯಲು ಹೋಗಬೇಡಿ, ಐಟಿ ವಿಭಾಗವನ್ನು ಕೇಳಿ.

ಈಗ ರಿಸೆಟ್ ವಿಷಯ. ಅದು ಫೋನನ್ನು ಪೂರ್ತಿ ಒರೆಸಿಹಾಕುತ್ತದೆ. ಬೇರೆ ಕಡೆ ಪ್ರತಿ ಇಲ್ಲದ ಗಂಟೆ ಹಾಳೆಯ ಫೋಟೋ, ಸಂಬಳ ಚೀಟಿ ಎಲ್ಲ ಹೋದಂತೆಯೇ. ಅದಕ್ಕಿಂತ ದೊಡ್ಡ ತಲೆನೋವು ಊರಿನ ನಂಬರಿನದು. ನಿಮ್ಮ ವಾಟ್ಸ್‌ಆ್ಯಪ್ ಇಂಡಿಯಾ ನಂಬರಿನಲ್ಲಿದ್ದರೆ ಮತ್ತೆ ತೆರೆಯಲು ಅದೇ ನಂಬರಿಗೆ ಕೋಡ್ ಬರಬೇಕು. ಯುಪಿಐ ಆ್ಯಪ್ ಆದರೆ ಅದೇ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೋಗಬೇಕು. ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ, ಇಲ್ಲಾ ರೋಮಿಂಗ್ ಇಲ್ಲದಿದ್ದರೆ, ಕ್ಯಾಮೆರಾ ಸರಿಮಾಡಲು ಹೋಗಿ ಊರಿನ ಬ್ಯಾಂಕ್ ಖಾತೆಯೇ ಕೈತಪ್ಪುತ್ತದೆ. ರಿಸೆಟ್ ಅನಿವಾರ್ಯವಾದರೆ ಫೋಟೋಗಳನ್ನು ಕಂಪ್ಯೂಟರಿಗೋ ಗೂಗಲ್ ಫೋಟೋಸ್‌ಗೋ ಸೇರಿಸಿ, ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಜಿಮೇಲ್ ಪಾಸ್‌ವರ್ಡ್ ನೆನಪಿದೆಯಾ ಖಾತ್ರಿ ಮಾಡಿಕೊಳ್ಳಿ, ಊರಿನ ಸಿಮ್ಮಿಗೆ ಎಸ್ಸೆಮ್ಮೆಸ್ ಬರುತ್ತಿದೆಯಾ ನೋಡಿ. ಆಮೇಲೆ ಮುಟ್ಟಿ.

ಅಂಗಡಿಗೆ ಕೊಡುವುದಾದರೆ, ಊರಿಂದ ತಂದ ಫೋನಿನ ವಾರಂಟಿ ಇಲ್ಲಿ ನಡೆಯುತ್ತದೆಯಾ ಅಂತ ಮೊದಲು ಬಿಲ್ಲು ನೋಡಿ. ರೆಡ್‌ಮಿ, ವಿವೊ, ಒಪ್ಪೊ ಫೋನುಗಳನ್ನು ಆ ಕಂಪನಿಗಳು ಅಮೆರಿಕದಲ್ಲಿ ಮಾರುವುದಿಲ್ಲ, ಬಿಡಿಭಾಗ ಸಿಗುವುದು ಕಷ್ಟ. ಪಾಸ್‌ವರ್ಡ್ ಬರೆದುಕೊಡಬೇಡಿ, ಅಂಗಡಿಯವರು ಕೇಳಿದರೆ ಎದುರಲ್ಲೇ ನಿಂತು ನೀವೇ ತೆರೆಯಿರಿ.

ಕ್ಯಾಮೆರಾ ಸರಿಯಾಗುವವರೆಗೆ ಚೆಕ್ಕನ್ನು ಬ್ಯಾಂಕಿನ ಎಟಿಎಂನಲ್ಲೋ ಶಾಖೆಯಲ್ಲೋ ಹಾಕಿ, ಸ್ನೇಹಿತರ ಫೋನಿನಲ್ಲಿ ನಿಮ್ಮ ಖಾತೆ ತೆರೆಯಬೇಡಿ. ಕೆಲಸದ ಗಂಟೆಗಳನ್ನು ದಿನಾಂಕದ ಸಮೇತ ಪುಸ್ತಕದಲ್ಲಿ ಕೈಯಲ್ಲೇ ಬರೆದಿಡಿ. ಸಂಬಳ ಬಾಕಿಯ ದೂರನ್ನು ವಾಷಿಂಗ್ಟನ್ ರಾಜ್ಯದ ಲೇಬರ್ ಅಂಡ್ ಇಂಡಸ್ಟ್ರೀಸ್ ಇಲಾಖೆಗೆ 3 ವರ್ಷದೊಳಗೆ ಕೊಡಬಹುದು, ಆಗ ನೀವೇ ಬರೆದಿಟ್ಟ ಲೆಕ್ಕವೂ ಕೆಲಸಕ್ಕೆ ಬರುತ್ತದೆ.