ವೈಟ್‌ಫೀಲ್ಡ್ ಶುರುವಾಗಿದ್ದು ಹೊಲ-ಮನೆಯ ಆಸೆಯಿಂದ

ಕಾಡುಗೋಡಿ ಮೆಟ್ರೋ ಇಳಿದು ಸುತ್ತ ನೋಡಿ: ಅಪಾರ್ಟ್‌ಮೆಂಟು, ಟೆಕ್ ಪಾರ್ಕು, ಟ್ರಾಫಿಕ್ಕು. ಇದೇ ಸೀಮೆಗೆ ಒಂದು ಕಾಲದಲ್ಲಿ ಹೆಂಡತಿ-ಮಕ್ಕಳನ್ನು ಕಟ್ಟಿಕೊಂಡು ಹೊಲ ಮಾಡಿ ಬದುಕೋಕೆ ಜನ ಬಂದಿದ್ದರು!

1882. ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್. ಅವರ ಹೆಸರೇ ಊರಿಗೂ ಬಂತು.

ಊರಿನ ನಕ್ಷೆ ದುಂಡಗೆ. ನಡುವೆ ಬಯಲು, ಸುತ್ತ ಮನೆಗಳು. ಇವತ್ತಿನ ಇನ್ನರ್ ಸರ್ಕಲ್ ಅದರದೇ ಗುರುತು.

ಆದರೆ ಇಲ್ಲಿ ಹೊಳೆ ಇಲ್ಲ. ಕೆರೆ, ಬಾವಿ, ಮಳೆ ನಂಬಿಯೇ ಬೇಸಾಯ. ಮಕ್ಕಳು ದೊಡ್ಡವರಾದರು, ಹಲವರು ಸಂಬಳದ ಕೆಲಸ ಹುಡುಕಿ ಊರು ಬಿಟ್ಟರು.

ಈಗ ನಿಮಗೂ ಆ ಆಸೆಯೇ? 2020ರ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಮೊದಲು ಪಹಣಿ ನೋಡಿ. ಬೋರ್‌ವೆಲ್ ನೀರನ್ನು ಕಡು ಬೇಸಿಗೆಯಲ್ಲೇ ಪರೀಕ್ಷಿಸಿ. ಶಾಲೆ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ, ಕೇಳಿ.

ಜಮೀನು ನಿಮ್ಮೊಬ್ಬರದಲ್ಲ, ಇಡೀ ಸಂಸಾರದ್ದು. ಮಕ್ಕಳ ಮುಂದಿನ ಹತ್ತು ವರ್ಷವನ್ನೂ ಲೆಕ್ಕ ಹಾಕಿ, ಆಮೇಲೆ ಅಡ್ವಾನ್ಸ್ ಕೊಡಿ.