ಬಾಡಿಗೆಯ ಕಾರೂ ಅಪಘಾತದ ಹೊಣೆಯೂ

ಗಾಡಿಯನ್ನು ಬಾಡಿಗೆಗೆ ಹಿಡಿಯುವುದು ನಮ್ಮ ನಾಡಿನಲ್ಲಿ ಹೊಸತೇನೂ ಅಲ್ಲ. ಜಾತ್ರೆಗೆ ಎತ್ತಿನ ಗಾಡಿ, ರೈಲು ನಿಲ್ದಾಣಕ್ಕೆ ಜಟಕಾ, ಮದುವೆಯ ದಿಬ್ಬಣಕ್ಕೆ ಟ್ಯಾಕ್ಸಿ, ಹೀಗೆ ಬಾಡಿಗೆಯ ವಾಹನಗಳು ನಮ್ಮ ಹಿರಿಯರಿಗೂ ಪರಿಚಿತವಾಗಿದ್ದವು. ಆದರೆ ಆಗೆಲ್ಲ ಗಾಡಿಯೊಡನೆ ಅದನ್ನು ಹೊಡೆಯುವವನೂ ಬರುತ್ತಿದ್ದನು. ಬಾಡಿಗೆ ಕೊಟ್ಟವನು ಹಿಂದೆ ಕುಳಿತುಕೊಂಡರೆ ಸಾಕಾಗುತ್ತಿತ್ತು. ಈಗ ಚಾಲಕನಿಲ್ಲದ ಬರಿಯ ಕಾರನ್ನೇ ದಿನದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಕೊಡುವ ವ್ಯಾಪಾರ ಬೆಳೆದಿದೆ. ನಾಲ್ವರು ಗೆಳೆಯರು ಹಣ ಕೂಡಿಸಿ, ಕಾರು ತಂದು, ಜೋಗಕ್ಕೋ ಚಿಕ್ಕಮಗಳೂರಿಗೋ ಹೋಗಿಬರುವುದು ನಮ್ಮ ವಿದ್ಯಾರ್ಥಿಗಳಲ್ಲಿಯೂ ಸಾಮಾನ್ಯವಾಗಿದೆ. ದರವೆಷ್ಟು, ಪೆಟ್ರೋಲು ಯಾರದು ಎಂದು ನಾವು ವಿಚಾರಿಸುತ್ತೇವೆ. ದಾರಿಯಲ್ಲಿ ಅಪಘಾತವಾದರೆ ಹೊಣೆ ಯಾರದು ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ಕುರಿತು ನಾನು ಓದಿ ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಪಘಾತವೊಂದರಿಂದ ಹುಟ್ಟುವುದು ಒಂದು ಪ್ರಶ್ನೆಯಲ್ಲ, ಎರಡು. ಪೆಟ್ಟು ತಿಂದವನಿಗೆ ಹಣ ಕೊಡಬೇಕಾದವರು ಯಾರು ಎಂಬುದು ಒಂದು. ಹಾಗೆ ಕೊಟ್ಟ ಹಣ ಕೊನೆಗೆ ಯಾರ ಜೇಬಿನಿಂದ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಕಾಯಿದೆಯು ಉದಾರವಾದ ಉತ್ತರವನ್ನು ಕೊಟ್ಟಿದೆ. ಎರಡನೆಯ ಪ್ರಶ್ನೆಯಲ್ಲಿ, ಕಾರನ್ನು ಬಾಡಿಗೆಗೆ ತಂದು ತಾನೇ ನಡೆಸಿದವನ ಸ್ಥಿತಿ ನಾವು ತಿಳಿದಿರುವುದಕ್ಕಿಂತ ಬಹಳ ದುರ್ಬಲವಾದುದು.

ವಾಹನವುಳ್ಳವನು ವಿಮೆ ಮಾಡಿಸಲೇಬೇಕೆಂಬ ನಿಯಮವು ಇಂಗ್ಲೆಂಡಿನಲ್ಲಿ 1930ರ ಕಾಯಿದೆಯಿಂದ ಬಂದಿತು. ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಈ ಅಧ್ಯಾಯವಿದ್ದಿತಾದರೂ ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು. ಪರಿಹಾರದ ಮೊಕದ್ದಮೆಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸುವ ಅವಕಾಶ 1956ರ ತಿದ್ದುಪಡಿಯಿಂದ ದೊರೆಯಿತು. ಇಂದು ನಡೆಯುತ್ತಿರುವುದು 1988ರ ಕಾಯಿದೆ. ಅದರ 146ನೆಯ ಕಲಮಿನಂತೆ ಮೂರನೆಯವರ ಹಾನಿಗೆ ವಿಮೆಯಿಲ್ಲದ ವಾಹನವು ರಸ್ತೆಗೆ ಇಳಿಯಕೂಡದು. ವಿಮೆ ಮಾಡಿಸಿದ ಮಾಲೀಕನು ಮೊದಲನೆಯವನು, ವಿಮಾ ಸಂಸ್ಥೆ ಎರಡನೆಯದು, ಇವರಿಬ್ಬರಿಗೂ ಹೊರತಾಗಿ ದಾರಿಯಲ್ಲಿ ಪೆಟ್ಟು ತಿಂದವನು ಮೂರನೆಯವನು. ಅವನ ಹೆಸರು ಪಾಲಿಸಿಯಲ್ಲಿಲ್ಲ, ಅವನು ಒಂದು ಕಾಸಿನ ಕಂತನ್ನೂ ಕಟ್ಟಿಲ್ಲ. ಆದರೂ ಇಡೀ ಏರ್ಪಾಟು ಅವನಿಗಾಗಿಯೇ ಇದೆ.

ಇನ್ನು ಬಾಡಿಗೆಯ ವಿಷಯ. ಚಾಲಕನ ಸಹಿತವಾಗಿ ಟ್ಯಾಕ್ಸಿಯನ್ನು ಹಿಡಿದಾಗ ತೊಡಕು ಹೆಚ್ಚಿಲ್ಲ. ಚಾಲಕನು ಮಾಲೀಕನ ಸೇವಕ. ಸೇವೆಯಲ್ಲಿರುವಾಗ ಸೇವಕನು ಮಾಡಿದ ಅಜಾಗರೂಕತೆಗೆ ಯಜಮಾನನು ಹೊಣೆ. ಯಜಮಾನನ ಪರವಾಗಿ ವಿಮಾ ಸಂಸ್ಥೆ ಹಣ ಕಟ್ಟುತ್ತದೆ. ಹಿಂದೆ ಕುಳಿತವನು ಪ್ರಯಾಣಿಕನಷ್ಟೆ. ವಾಹನ ಬಾಡಿಗೆಗೆ ಹೋಗಿದೆಯೆಂಬ ಕಾರಣದಿಂದ ವಿಮಾ ಸಂಸ್ಥೆ ಜಾರಿಕೊಳ್ಳಬಹುದೇ ಎಂಬ ಪ್ರಶ್ನೆ ಉತ್ತರ ಪ್ರದೇಶದ ಸಾರಿಗೆ ನಿಗಮವು ಬಾಡಿಗೆಗೆ ಪಡೆದಿದ್ದ ಬಸ್ಸೊಂದರ ಮೊಕದ್ದಮೆಯಲ್ಲಿ ಎದ್ದಿತು. ವಿಮೆ ಊರ್ಜಿತವಾಗಿರುವಾಗ ಸಂಸ್ಥೆಯು ಹಾಗೆ ಪಾರಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಮಾನಿಸಿತು.

ಚಾಲಕನ ಆಸನದಲ್ಲಿ ನಾವೇ ಕುಳಿತಾಗ ಚಿತ್ರ ಬದಲಾಗುತ್ತದೆ. ಅಜಾಗರೂಕತೆ ನಮ್ಮದಾದರೆ ಮೊದಲ ಹೊಣೆಗಾರರು ನಾವೇ. ಮಾಲೀಕನ ಒಪ್ಪಿಗೆಯಿಂದ ನಡೆಸುವವನಿಗೂ ಮಾಲೀಕನ ಪಾಲಿಸಿಯ ರಕ್ಷಣೆ ದೊರೆಯುವುದುಂಟು. ಆದರೆ ಅದು ಪಾಲಿಸಿಯ ಷರತ್ತುಗಳು ನೆರವೇರಿದಾಗ ಮಾತ್ರ. ಆದುದರಿಂದ ತಂದಿರುವ ಕಾರು ಬಾಡಿಗೆಗೆ ಕೊಡಲು ಯೋಗ್ಯವಾದುದೇ ಎಂಬುದನ್ನು ಮೊದಲು ನೋಡಬೇಕು.

ಇದನ್ನು ತಿಳಿಯಲು ಪಂಡಿತರ ಬಳಿಗೆ ಹೋಗಬೇಕಾಗಿಲ್ಲ. ಕಾರಿನ ಮುಂದೆ ನಿಂತು ಸಂಖ್ಯಾಫಲಕದ ಬಣ್ಣ ನೋಡಿದರೆ ಸಾಕು. ಸ್ವಂತ ಉಪಯೋಗದ ಕಾರಿಗೆ ಬಿಳಿಯ ಫಲಕದ ಮೇಲೆ ಕಪ್ಪು ಅಕ್ಷರ. ಟ್ಯಾಕ್ಸಿಗೆ ಹಳದಿಯ ಮೇಲೆ ಕಪ್ಪು. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಇಂತಹ ಬಾಡಿಗೆಗಾಗಿ ಕೇಂದ್ರ ಸರ್ಕಾರವು 1989ರಲ್ಲಿ ಒಂದು ಯೋಜನೆಯನ್ನು ರೂಪಿಸಿತು. ಅದರ ಪ್ರಕಾರ ಪರವಾನಗಿ ಬೇಡುವವನ ಬಳಿ ಕನಿಷ್ಠ 50 ಕಾರುಗಳಿರಬೇಕು. ಮೋಟಾರು ಸೈಕಲುಗಳಿಗೆ 1997ರಲ್ಲಿ ಬೇರೊಂದು ಯೋಜನೆ ಬಂದಿತು. ಕಪ್ಪು ಫಲಕದ ವಾಹನವು ಬಾಡಿಗೆಯ ವಾಹನವೆಂದೇ ನೋಂದಣಿಯಾಗಿರುತ್ತದೆ. ಅದಕ್ಕೆ ತಕ್ಕಂತೆ ಹೆಚ್ಚಿನ ತೆರಿಗೆ, ಹೆಚ್ಚಿನ ವಿಮಾ ಕಂತು. ಬಾಡಿಗೆ ದುಬಾರಿಯೆನಿಸುವುದಕ್ಕೆ ಇದೂ ಒಂದು ಕಾರಣ.

ಸಣ್ಣ ಊರುಗಳಲ್ಲಿ ನಡೆಯುವ ವ್ಯಾಪಾರವೇ ಬೇರೆ. ಯಾರೋ ಪರಿಚಿತರು ತಮ್ಮ ಬಿಳಿ ಫಲಕದ ಕಾರನ್ನು ಅರ್ಧ ದರಕ್ಕೆ ಕೊಡುತ್ತಾರೆ. ಪೊಲೀಸರು ಕೇಳಿದರೆ ಸಂಬಂಧಿಕರ ಕಾರೆಂದು ಹೇಳಿರೆಂಬ ಉಪದೇಶವೂ ಜೊತೆಗೆ ದೊರೆಯುತ್ತದೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದ ಓದಬಲ್ಲವನು ನಾನೊಬ್ಬನೇ ಆದುದರಿಂದ ಓಣಿಯವರ ಪಾಲಿಸಿಗಳನ್ನು ಓದಿಹೇಳುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಸ್ವಂತ ಕಾರಿನ ಪಾಲಿಸಿಗಳಲ್ಲಿ ಉಪಯೋಗದ ಮಿತಿ ಎಂಬ ತಲೆಬರಹದ ಕೆಳಗೆ ಒಂದು ಸಣ್ಣ ವಾಕ್ಯವನ್ನು ನಾನು ಕಂಡಿದ್ದೇನೆ. ಬಾಡಿಗೆಗಾಗಲಿ ಪ್ರತಿಫಲಕ್ಕಾಗಲಿ ಈ ಕಾರನ್ನು ಉಪಯೋಗಿಸಿದರೆ ವಿಮೆ ಸಲ್ಲದು ಎಂಬುದು ಅದರ ತಾತ್ಪರ್ಯ. ವರ್ಷವರ್ಷವೂ ಕಂತು ಕಟ್ಟಿದವರೇ ಈ ವಾಕ್ಯವನ್ನು ಕೇಳಿ ಬೆರಗಾಗುವುದುಂಟು.

ಹಾಗಾದರೆ ಇಂತಹ ಕಾರು ಹಾದಿಹೋಕನೊಬ್ಬನಿಗೆ ಡಿಕ್ಕಿ ಹೊಡೆದರೆ ಅವನ ಗತಿಯೇನು? ಇಲ್ಲಿ ನ್ಯಾಯಾಲಯಗಳು ಒಂದು ದಾರಿಯನ್ನು ಕಂಡುಕೊಂಡಿವೆ. ವಿಮಾ ಸಂಸ್ಥೆಯು ಮೊದಲು ಪೆಟ್ಟು ತಿಂದವನಿಗೆ ಹಣ ಕೊಡಲಿ, ಅನಂತರ ಅದನ್ನು ಷರತ್ತು ಮುರಿದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬುದೇ ಆ ದಾರಿ. ಲೈಸೆನ್ಸಿನ ದೋಷಗಳನ್ನು ಕುರಿತು 2004ರಲ್ಲಿಯೂ, ಪರ್ಮಿಟ್ ಇಲ್ಲದ ವಾಹನವನ್ನು ಕುರಿತು 2018ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಈ ಕ್ರಮವನ್ನು ಎತ್ತಿಹಿಡಿಯಿತು. ಹಾದಿಹೋಕನ ಕುಟುಂಬಕ್ಕೆ ಇದರಿಂದ ನೆಮ್ಮದಿ. ಆದರೆ ವಸೂಲಿಯ ಸುತ್ತು ಅಲ್ಲಿಂದಲೇ ಆರಂಭವಾಗುತ್ತದೆ. ವಿಮಾ ಸಂಸ್ಥೆ ಮಾಲೀಕನ ಬೆನ್ನು ಹತ್ತುತ್ತದೆ. ಮಾಲೀಕನು ಕಾರು ನಡೆಸಿದವನ ಬೆನ್ನು ಹತ್ತುತ್ತಾನೆ. ಒಂದು ಜೀವದ ಪರಿಹಾರ ಅನೇಕ ಲಕ್ಷಗಳಾಗಬಹುದು. ಎರಡು ಎಕರೆ ಹೊಲವುಳ್ಳ ಮನೆಗೆ ಆ ಮೊತ್ತದ ಅರ್ಥವೇನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಹಿಂದಿನ ಆಸನದ ಗೆಳೆಯರ ಮಾತೇನು? ಕಪ್ಪು ಫಲಕದ ಕಾರು ಸಾರಿಗೆ ವಾಹನವಾದುದರಿಂದ ಅದರ ಪ್ರಯಾಣಿಕರು ಕಡ್ಡಾಯ ವಿಮೆಯ ವ್ಯಾಪ್ತಿಗೆ ಸೇರುತ್ತಾರೆ. ಸ್ವಂತ ಕಾರಿನ ವಿಷಯ ಹಾಗಲ್ಲ. ಕಾಯಿದೆಗೆ ಬೇಕಾದ ಕನಿಷ್ಠ ಪಾಲಿಸಿಯಷ್ಟೇ ಇದ್ದಲ್ಲಿ ಒಳಗೆ ಕುಳಿತವರಿಗೆ ಅದು ಅನ್ವಯಿಸದೆಂದು ನ್ಯಾಯಾಲಯಗಳು ಹೇಳಿವೆ. ಸಮಗ್ರ ಪಾಲಿಸಿಯಿದ್ದಲ್ಲಿ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿತು. ಎರಡು ಕಾಗದಗಳೂ ನೋಟಕ್ಕೆ ಒಂದೇ ತರಹ ಇರುತ್ತವೆ. ಯಾವುದು ಯಾವುದೆಂಬುದನ್ನು ಓದಿಯೇ ತಿಳಿಯಬೇಕು.

ಎಲ್ಲರಿಗಿಂತ ನಿರಾಶ್ರಿತನಾಗುವವನು ಕಾರನ್ನು ನಡೆಸಿದವನೇ. ಬೇರೆ ವಾಹನದವನ ತಪ್ಪಿನಿಂದ ಅಪಘಾತವಾದರೆ ಅವನು ಆ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. ತಪ್ಪು ತನ್ನದೇ ಆದಾಗ ಕೇಳುವುದು ಯಾರನ್ನು? ನಮ್ಮ ಉತ್ತರ ಕರ್ನಾಟಕದ ಹೆದ್ದಾರಿಯೊಂದರಲ್ಲಿ 2000ರಲ್ಲಿ ಒಂದು ದುರಂತ ನಡೆಯಿತು. ಇನ್ನೊಬ್ಬರ ಮೋಟಾರು ಸೈಕಲನ್ನು ಕೇಳಿ ಪಡೆದು ಹೊರಟಿದ್ದ ಒಬ್ಬರು ಮುಂದಿದ್ದ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ತೀರಿಕೊಂಡರು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಮಾಲೀಕನು ತನ್ನ ವಾಹನದ ವಿಮೆಯಿಂದ ತಾನೇ ಮೂರನೆಯವನೆಂದು ಪರಿಹಾರ ಕೇಳಲಾರನು. ಆದುದರಿಂದ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಆಗಿನ ಕಲಮಿನ ಕೆಳಗೆ ಕುಟುಂಬಕ್ಕೆ ಹಣ ಸಲ್ಲದು ಎಂದು ನ್ಯಾಯಾಲಯವು 2009ರಲ್ಲಿ ಹೇಳಿತು. ಮಾಲೀಕ ಚಾಲಕನಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುವುದು ನಿಜ. ಆದರೆ ಅದು ಮಾಲೀಕನ ಹೆಸರಿನದು. ಬಾಡಿಗೆಗೆ ತಂದವನು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಾಹನವನ್ನು ಆಗಾಗ ಬಾಡಿಗೆಗೆ ಪಡೆಯುವವರು ತಮ್ಮ ಹೆಸರಿನಲ್ಲಿಯೇ ಒಂದು ಅಪಘಾತ ವಿಮೆ ಮಾಡಿಸಿಕೊಳ್ಳುವುದು ವಿವೇಕ.

ಕಾರಿಗೆ ಆದ ಜಖಮಿನ ಲೆಕ್ಕವೇ ಬೇರೆ. ಅದು ಮಾಲೀಕನಿಗೂ ನಮಗೂ ಆದ ಕರಾರನ್ನು ಅವಲಂಬಿಸಿದೆ. ನಮ್ಮ ಹೊಣೆಗೆ ಒಂದು ಮೇಲ್ಮಿತಿಯನ್ನು ಕರಾರಿನಲ್ಲಿ ಬರೆದಿರುವುದುಂಟು; ಹೆಚ್ಚಿನ ಹಣ ಕೊಟ್ಟರೆ ಆ ಮಿತಿಯನ್ನು ಇಳಿಸುವುದೂ ಉಂಟು. ಹೀಗೆ ಹಣ ಕೊಟ್ಟು ಪಡೆದ ವಿನಾಯಿತಿಯನ್ನು ವಿಮೆಯೆಂದು ತಿಳಿಯಬಾರದು. ಮಾಲೀಕನು ನಮ್ಮಿಂದ ಇಷ್ಟಕ್ಕಿಂತ ಹೆಚ್ಚು ಕೇಳುವುದಿಲ್ಲವೆಂಬ ಮಾತು ಅದು, ಅಷ್ಟೆ. ಕರಾರಿನಲ್ಲಿ ಹೆಸರಿಲ್ಲದ ಗೆಳೆಯನು ಚಕ್ರ ಹಿಡಿದಾಗ ಅಥವಾ ಚಾಲಕನು ಕುಡಿದಿದ್ದಾಗ ಆ ಮಾತೂ ಮುರಿದುಬೀಳುವ ಸಂಭವವಿದೆ. ಕಾರನ್ನು ಪಡೆಯುವಾಗಲೇ ನಾಲ್ಕು ಕಡೆಯಿಂದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಹಳೆಯ ಗೀರಿಗೆ ಹೊಸ ದಂಡ ತೆರುವುದು ತಪ್ಪುತ್ತದೆ.

ಲೈಸೆನ್ಸಿನ ಬಗ್ಗೆ ಒಂದು ಮಾತು. ಬಾಡಿಗೆಯ ಕಾರಿಗೆ ಬೇರೆ ಲೈಸೆನ್ಸು ಬೇಕೆಂಬ ಭಯ ಬೇಡ. ಲಘು ವಾಹನದ ಲೈಸೆನ್ಸುಳ್ಳವನು 7500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು 2017ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠದಿಂದ ಅದನ್ನೇ ದೃಢಪಡಿಸಿತು. ಕಲಿಯುವವನ ಲೈಸೆನ್ಸನ್ನು ಹಿಡಿದುಕೊಂಡು ಬಾಡಿಗೆಯ ಕಾರನ್ನು ಏರುವುದು ಮಾತ್ರ ಸಲ್ಲದು.

ಇಷ್ಟಾದರೂ ಅಪಘಾತ ಸಂಭವಿಸಿದರೆ ಓಡಿಹೋಗುವುದು ಎಲ್ಲಕ್ಕಿಂತ ದೊಡ್ಡ ಅಪರಾಧ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಗಳೊಳಗೆ ಹತ್ತಿರದ ಠಾಣೆಗೆ ತಿಳಿಸುವುದು, ವಿಮಾ ಸಂಸ್ಥೆಗೆ ಬರೆದು ತಿಳಿಸುವುದು ಇವು 134ನೆಯ ಕಲಮು ಚಾಲಕನಿಗೆ ವಿಧಿಸಿದ ಕರ್ತವ್ಯಗಳು. ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಹಣ ಕೇಳದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಪರಿಹಾರ ಕೇಳುವವನು ತಾನು ವಾಸವಾಗಿರುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಅಪಘಾತವಾದ ದೂರದೂರಿಗೆ ಅಲೆಯಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಆ ಗಡುವು ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟಿದೆಯಾದರೂ ಅದರೊಳಗೆ ಅರ್ಜಿ ಹಾಕುವುದೇ ಕ್ಷೇಮ.

ಈ ವಿಷಯವನ್ನು ಓದುತ್ತ ನನಗೆ ಹೊಳೆದದ್ದು ಇಷ್ಟು: ಬಿಳಿ ಫಲಕದ ಕಾರಿನ ಬಾಡಿಗೆ ಅಗ್ಗವಾಗಿ ಕಾಣುವುದು ಅಪಾಯದ ಬೆಲೆ ಅದರಲ್ಲಿ ಸೇರಿಲ್ಲದಿರುವುದರಿಂದ. ಆ ಬೆಲೆ ಎಲ್ಲಿಗೂ ಹೋಗುವುದಿಲ್ಲ. ಕಾರು ನಡೆಸುವವನ ಮನೆಯ ಬಾಗಿಲಲ್ಲಿ ಸುಮ್ಮನೆ ಕಾದು ನಿಂತಿರುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಾರೆ. ಫಲಕದ ಬಣ್ಣ, ಪಾಲಿಸಿಯ ತರಗತಿ ಮತ್ತು ಅವಧಿ, ಕರಾರಿನಲ್ಲಿ ಬರೆದ ಹೆಸರುಗಳು, ಇವುಗಳನ್ನು ನೋಡುವುದಕ್ಕೆ ಹತ್ತು ನಿಮಿಷ ಸಾಕು. ಓದು ಬಲ್ಲವರಾದ ನಾವು ಆ ಹತ್ತು ನಿಮಿಷವನ್ನು ಬೀಗದ ಕೈಯನ್ನು ಪಡೆಯುವ ಮೊದಲೇ ವಿನಿಯೋಗಿಸೋಣ. ಓದು ಬಾರದ ನೆರೆಹೊರೆಯವರಿಗೂ ಓದಿ ಹೇಳೋಣ.