ಕೈಗಾ: ಅಣು ವಿದ್ಯುತ್ತಿನ ವಾದ ನಡೆದು ಬಂದ ಬಗೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಎಡದಂಡೆಯ ಮೇಲೆ ಕೈಗಾ ಪರಮಾಣು ವಿದ್ಯುತ್ ಸ್ಥಾವರವಿದೆ. ಮೇಲ್ಗಡೆ ಕೊಡಸಳ್ಳಿ ಅಣೆಕಟ್ಟು, ಕೆಳಗಡೆ ಕದ್ರಾ ಅಣೆಕಟ್ಟು, ಸುತ್ತ ಪಶ್ಚಿಮ ಘಟ್ಟದ ಕಾಡು. ಇಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ರಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ವಿಜ್ಞಾನದ ವಿಷಯವೊಂದು ಅಡಿಕೆ ತೋಟದ ಜಗುಲಿಯಿಂದ ಲೋಕಸಭಾ ಚುನಾವಣೆಯ ಕಣದವರೆಗೆ ಚರ್ಚೆಗೆ ಬಂದದ್ದು ಕರ್ನಾಟಕದಲ್ಲಿ ಅಪರೂಪ. ಕೈಗಾ ಅಂಥದೊಂದು ಪ್ರಕರಣ. ನಾಲ್ಕು ದಶಕ ಕಳೆದರೂ ಆ ವಾದ ಮುಗಿದಿಲ್ಲ. ಸ್ಥಾವರ ಬೇಕೋ ಬೇಡವೋ ಎಂಬ ಒಂದೇ ಮಾತಿನೊಳಗೆ ವಿಜ್ಞಾನ, ವಿದ್ಯುತ್ತು, ದೇಶದ ಭದ್ರತೆ, ರಾಜಕಾರಣ ಈ ನಾಲ್ಕಕ್ಕೂ ಸೇರಿದ ಪ್ರಶ್ನೆಗಳು ಕಲಸಿಹೋಗಿದ್ದವು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಎರಡೂ ಕಡೆ ಬೆಳೆಯಿತು.

ಲೆಕ್ಕ ಮುಂದಿಟ್ಟು ವಾದಿಸುವ ಕಲೆ ಆ ಜಿಲ್ಲೆಗೆ ಕೈಗಾಕ್ಕಿಂತ ಮೊದಲೇ ಗೊತ್ತಿತ್ತು. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಟಿಎಸ್‌ಎಸ್, ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಕರೆಸಿ 1981ರಲ್ಲಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ತೋಟ, ಕಾಡು, ಸಿಗುವ ವಿದ್ಯುತ್ತು ಎಲ್ಲವನ್ನೂ ಲೆಕ್ಕಕ್ಕೆ ಹಚ್ಚಲಾಯಿತು. ಯೋಜನೆ ಕಡೆಗೆ ನಿಂತಿತು. ರೈತರೇ ತಜ್ಞರ ಸಭೆ ಕರೆದು, ಸರಕಾರದ ಲೆಕ್ಕಕ್ಕೆ ಎದುರು ಲೆಕ್ಕ ಇಟ್ಟ ಆ ಘಟನೆ ಕರ್ನಾಟಕದ ಸಾರ್ವಜನಿಕ ಚರ್ಚೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗಕ್ಕೆ ಅರ್ಹವಾದದ್ದು.

ಕೈಗಾದಲ್ಲಿ ಹಾಗಾಗಲಿಲ್ಲ. ಅಣು ವಿದ್ಯುತ್ತಿನ ಲೆಕ್ಕಪತ್ರ ಅಣುಶಕ್ತಿ ಇಲಾಖೆಯ ಕೈಯಲ್ಲಿತ್ತು. ಮುಂಬಯಿಯಲ್ಲಿ ಬೇರೂರಿದ ಆ ಇಲಾಖೆ ನೇರವಾಗಿ ಪ್ರಧಾನಿಯ ಅಧೀನದಲ್ಲಿತ್ತು. 1962ರ ಪರಮಾಣು ಶಕ್ತಿ ಕಾಯ್ದೆ ಮಾಹಿತಿಯನ್ನು ಮುಚ್ಚಿಡುವ ಅಧಿಕಾರವನ್ನೂ ಸರಕಾರಕ್ಕೆ ಕೊಟ್ಟಿತ್ತು. 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸಿಡಿದ ಮೇಲೆ ಕೈಗಾ ವಿರೋಧಕ್ಕೆ ಬಲ ಬಂತು. ಕನ್ನಡ ಪತ್ರಿಕೆಗಳಲ್ಲಿ ವಿಕಿರಣ, ಭಾರಜಲ, ಪ್ಲುಟೋನಿಯಂ ಮೊದಲಾದ ಮಾತುಗಳು ದಿನಬಳಕೆಗೆ ಬಂದವು. ನಾಗೇಶ ಹೆಗಡೆಯವರಂಥ ವಿಜ್ಞಾನ ಬರಹಗಾರರು ಅದನ್ನು ಜನರ ಭಾಷೆಗೆ ತಂದರು. ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಅಲ್ಲಿನ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ಸ್ಪರ್ಧಿಸಿದರು. ಸೋತರು, ಆದರೆ ಹತ್ತಾರು ಸಾವಿರ ಮತ ಬಿದ್ದವು. ಇನ್ನೊಂದು ಕಡೆ ನಿಂತವರೂ ಹೊರಗಿನವರಾಗಿರಲಿಲ್ಲ. 1983ರಿಂದ 87ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು. ಅವರ ನಂತರ ಆ ಸ್ಥಾನಕ್ಕೆ ಬಂದ ಎಂ. ಆರ್. ಶ್ರೀನಿವಾಸನ್ ಬೆಂಗಳೂರಿನವರು. ನಾಡಿನ ಹಿರಿಯರೇ ಎರಡು ಪಕ್ಷವಾಗಿ ನಿಂತ ವಾದ ಅದು.

ವಿರೋಧಿಗಳು ಚೆರ್ನೋಬಿಲನ್ನು ತೋರಿಸಿದರೆ, ಎಂಜಿನಿಯರುಗಳು ಕೈಗಾದ ರಿಯಾಕ್ಟರೇ ಬೇರೆ ಎಂದರು. ಅವರು ಹೇಳಿದ್ದು ನಿಜ. ಚೆರ್ನೋಬಿಲ್‌ನಲ್ಲಿ ಗ್ರಾಫೈಟ್ ಇತ್ತು, ಅದು ಹೊತ್ತಿ ಉರಿಯಿತು. ರಿಯಾಕ್ಟರಿಗೆ ಭದ್ರ ಕಾಂಕ್ರೀಟ್ ಗುಮ್ಮಟದ ಕವಚ ಇರಲಿಲ್ಲ. ಕೈಗಾದ್ದು ಭಾರಜಲ ರಿಯಾಕ್ಟರ್. ಇದರ ಇಂಧನ ಗಣಿಯಿಂದ ಬಂದ ಸಹಜ ಯುರೇನಿಯಂ. ಅದರಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ನೂರಕ್ಕೆ 0.7ರಷ್ಟು ಮಾತ್ರ. ನ್ಯೂಟ್ರಾನುಗಳ ವೇಗ ತಗ್ಗಿಸುವುದಕ್ಕೂ ಶಾಖ ಹೊತ್ತೊಯ್ಯುವುದಕ್ಕೂ ಭಾರಜಲವನ್ನೇ ಬಳಸುತ್ತಾರೆ. ಎರಡು ಪದರದ ಗುಮ್ಮಟ ಇಡೀ ವ್ಯವಸ್ಥೆಯನ್ನು ಮುಚ್ಚಿರುತ್ತದೆ. ಆದರೆ ಚೆರ್ನೋಬಿಲ್‌ನಂತೆ ಸಿಡಿಯುವುದಿಲ್ಲ ಎಂದಾಕ್ಷಣ ಅಪಾಯವೇ ಇಲ್ಲ ಎಂದಾಗುವುದಿಲ್ಲ. ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲೂ ಅದರೊಳಗಿನ ವಿಕಿರಣಶೀಲ ಧಾತುಗಳು ಪೂರ್ಣ ಶಾಖದ ನೂರಕ್ಕೆ ಆರರಷ್ಟನ್ನು ಹೊಮ್ಮಿಸುತ್ತಿರುತ್ತವೆ. ಒಂದು ದಿನ ಕಳೆದರೂ ನೂರಕ್ಕೆ ಅರ್ಧದಷ್ಟು ಉಳಿದಿರುತ್ತದೆ. ಈ ಶಾಖವನ್ನು ತೆಗೆಯಲು ನೀರು ಹರಿಯುತ್ತಲೇ ಇರಬೇಕು. ಅದು ನಿಂತರೆ ಏನಾಗುತ್ತದೆ ಎಂಬುದನ್ನು 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ತೋರಿಸಿತು. ಆದ್ದರಿಂದ, ಕಾಳಿಯ ಮೇಲ್ಕಣಿವೆಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಒಡೆದರೆ ಕೆಳಗಿನ ಸ್ಥಾವರದ ಗತಿಯೇನು ಎಂದು 1980ರ ದಶಕದಲ್ಲೇ ಕೇಳಿದವರ ಪ್ರಶ್ನೆ ಅವಿಜ್ಞಾನವಾಗಿರಲಿಲ್ಲ. ಅದಕ್ಕೆ ಬೇಕಿದ್ದ ಉತ್ತರ ಲೆಕ್ಕಗಳು, ನಕ್ಷೆಗಳು. ಸಿಕ್ಕಿದ್ದು ಹೆಚ್ಚಾಗಿ ಭರವಸೆ.

ಭರವಸೆಗೆ ದೊಡ್ಡ ಪೆಟ್ಟು ಬಿದ್ದದ್ದು 1994ರ ಮೇ 13ರಂದು. ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕೆಳಗೆ ಕುಸಿಯಿತು. ಬಿದ್ದ ಕಾಂಕ್ರೀಟು ನೂರು ಟನ್ನಿಗೂ ಹೆಚ್ಚು. ಕೆಲಸಗಾರರಿಗೆ ಗಾಯಗಳಾದವು. ಇಂಧನ ಇನ್ನೂ ತುಂಬಿರದ ಕಾರಣ ವಿಕಿರಣದ ಮಾತು ಬರಲಿಲ್ಲ. ಇಂಥ ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಹಾಯಿಸಿ ಬಿಗಿಯಾಗಿ ಎಳೆದಿರುತ್ತಾರೆ, ಒಳಗಿನ ಒತ್ತಡ ಏರಿದರೂ ಗುಮ್ಮಟ ಬಿರಿಯದಿರಲಿ ಎಂದು. ಬಾಗಿದ ಗುಮ್ಮಟದಲ್ಲಿ ಆ ಬಿಗಿತವೇ ಕಾಂಕ್ರೀಟನ್ನು ಪದರ ಪದರವಾಗಿ ಬೇರ್ಪಡಿಸಲು ನೋಡುತ್ತದೆ. ಅದನ್ನು ಹಿಡಿದಿಡುವ ಅಡ್ಡ ಕಬ್ಬಿಣ ಸಾಲದಿದ್ದರೆ ಪದರ ಬಿಡುತ್ತದೆ. ವಿನ್ಯಾಸ ತಿದ್ದಿ, ಇನ್ನೂ ಗಟ್ಟಿ ಕಾಂಕ್ರೀಟಿನಿಂದ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಎರಡನೆಯ ಘಟಕ 2000ದ ಮಾರ್ಚಿನಲ್ಲಿ ಉತ್ಪಾದನೆಗೆ ಇಳಿದರೆ ಒಂದನೆಯದು ಅದೇ ವರ್ಷದ ನವೆಂಬರಿಗೆ ಕಾಯಬೇಕಾಯಿತು. ಅದೇ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಬರೆಯಿತು. ಗುಮ್ಮಟ ಕುಸಿದದ್ದೂ ದಾಖಲೆಯ ಓಟವೂ ಎರಡೂ ಸತ್ಯ. ವಿರೋಧಿಗಳು ಮೊದಲನೆಯದನ್ನು ಮಾತ್ರ, ಸಮರ್ಥಕರು ಎರಡನೆಯದನ್ನು ಮಾತ್ರ ಎತ್ತಿ ಆಡುವುದರಿಂದ ಓದುಗರಿಗೆ ಅರ್ಧ ಚಿತ್ರವೇ ಸಿಗುತ್ತದೆ.

ಸ್ಥಾವರ ಓಡುತ್ತಿರುವಾಗ ಸುತ್ತಲಿನವರಿಗೆ ಎಷ್ಟು ವಿಕಿರಣ ತಾಗುತ್ತದೆ ಎಂಬುದು ಅಳತೆಯ ಪ್ರಶ್ನೆ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಸ್ಥಾವರದಿಂದ ಸಾರ್ವಜನಿಕರಿಗೆ ಸೇರಬಹುದಾದ ಮಿತಿ 1 ಮಿಲಿಸೀವರ್ಟ್. ಇಷ್ಟು ಕಡಿಮೆ ಪ್ರಮಾಣದಿಂದ ಕ್ಯಾನ್ಸರ್ ಹೆಚ್ಚಿದೆಯೇ ಎಂದು ಕೈಗಾ ಸುತ್ತಲಿನಂಥ ವಿರಳ ಜನವಸತಿಯಲ್ಲಿ ಪತ್ತೆಮಾಡುವುದು ಬಹಳ ಕಷ್ಟ. ಕ್ಯಾನ್ಸರ್ ಎಲ್ಲ ಕಡೆಯೂ ಇರುವ ಕಾಯಿಲೆ. ಹಳ್ಳಿಯೊಂದರಲ್ಲಿ ವರ್ಷಕ್ಕೆ ಮೂರರ ಬದಲು ಐದು ಪ್ರಕರಣ ಕಂಡರೆ ಅದು ಆಕಸ್ಮಿಕವೋ ಕಾರಣವಿದ್ದದ್ದೋ ಸಂಖ್ಯಾಶಾಸ್ತ್ರ ಹೇಳಲಾರದು. ಜನ ಕೆಲಸಕ್ಕಾಗಿ ಊರು ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ. ಸ್ಥಾವರ ಬರುವ ಮೊದಲಿನ ಆರೋಗ್ಯದ ದಾಖಲೆ ಪಕ್ಕಾ ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ಹೀಗಾಗಿ "ಕ್ಯಾನ್ಸರ್ ಹೆಚ್ಚಿದೆ" ಎಂಬ ಊರವರ ಮಾತನ್ನು ಸಾಬೀತು ಮಾಡುವುದೂ ಸುಲಭವಲ್ಲ, ಸುಳ್ಳೆಂದು ತಳ್ಳಿಹಾಕುವುದೂ ಸುಲಭವಲ್ಲ. ಪುರಾವೆ ಸಿಕ್ಕಿಲ್ಲ ಎನ್ನುವುದೂ ಅಪಾಯವಿಲ್ಲ ಎನ್ನುವುದೂ ಬೇರೆ ಬೇರೆ.

ಭದ್ರತೆಯ ಪ್ರಶ್ನೆ ಕೈಗಾದಲ್ಲಿ ಯಾರೂ ಊಹಿಸದ ರೂಪದಲ್ಲಿ ಎದುರಾಯಿತು. ರಿಯಾಕ್ಟರಿನೊಳಗೆ ಭಾರಜಲ ನ್ಯೂಟ್ರಾನು ಹೀರಿದಂತೆ ಅದರಲ್ಲಿ ಟ್ರಿಟಿಯಂ ಹುಟ್ಟುತ್ತದೆ. ಇದು ವಿಕಿರಣಶೀಲ ಹೈಡ್ರೋಜನ್. ನೀರಿನ ರೂಪದಲ್ಲೇ ಇರುವುದರಿಂದ ಮೈಸೇರುವುದು ಸಲೀಸು. ಸ್ಥಾವರದ ನೌಕರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದೆ. 2009ರ ನವೆಂಬರಿನಲ್ಲಿ ಐವತ್ತಕ್ಕೂ ಹೆಚ್ಚು ನೌಕರರ ಮಾದರಿಯಲ್ಲಿ ಟ್ರಿಟಿಯಂ ಮಟ್ಟ ಏರಿದ್ದು ಕಂಡಿತು. ಹುಡುಕುತ್ತ ಹೋದಾಗ ಅದರ ಮೂಲ ರಿಯಾಕ್ಟರ್ ಕಟ್ಟಡದ ಹೊರಗಿದ್ದ ಕುಡಿಯುವ ನೀರಿನ ಕೂಲರ್ ಎಂದು ಗೊತ್ತಾಯಿತು. ಯಾರೋ ಬೇಕೆಂದೇ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದರೂ ದೇಹದಿಂದ ಅದು ನೀರಿನ ಜೊತೆಗೇ ಹೊರಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧ ಇಳಿಯುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು ಚಿಕಿತ್ಸೆ ಮಾಡಲಾಯಿತು. ಬಂದೂಕು ಹಿಡಿದ ಕಾವಲು, ಬೇಲಿ, ಗುರುತಿನ ಚೀಟಿ ಎಲ್ಲ ಇದ್ದ ಜಾಗದಲ್ಲಿ ಕೃತ್ಯ ಎಸಗಿದವರು ಒಳಗಿನವರೇ ಎಂದು ಅಧಿಕಾರಿಗಳು ಹೇಳಬೇಕಾಯಿತು.

ಭದ್ರತೆಗೆ ಇನ್ನೊಂದು ಮುಖವೂ ಇದೆ. ಭಾರಜಲ ರಿಯಾಕ್ಟರಿನ ಬಳಸಿದ ಇಂಧನದಿಂದ ಪ್ಲುಟೋನಿಯಂ ತೆಗೆಯಬಹುದು. ಅದು ಮುಂದಿನ ರಿಯಾಕ್ಟರುಗಳಿಗೂ ಇಂಧನ, ಬಾಂಬಿಗೂ ಸಾಮಗ್ರಿ. 1974ರಲ್ಲಿ ಪೋಖ್ರಾನ್ ಸ್ಫೋಟ ನಡೆದ ಮೇಲೆ ಕೆನಡಾ ಸಹಕಾರ ನಿಲ್ಲಿಸಿತು, ಭಾರತ ತನ್ನದೇ ಹಾದಿ ಹಿಡಿಯಿತು. ಅಮೆರಿಕದೊಂದಿಗೆ 2008ರಲ್ಲಿ ನಾಗರಿಕ ಅಣು ಒಪ್ಪಂದ ಆದಾಗ ಭಾರತ 14 ರಿಯಾಕ್ಟರುಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿತು. ಕೈಗಾದ ನಾಲ್ಕೂ ಆ ಪಟ್ಟಿಯ ಹೊರಗೆ ಉಳಿದವು. ಹೊರಗುಳಿದ ರಿಯಾಕ್ಟರಿಗೆ ಆಮದು ಯುರೇನಿಯಂ ಹಾಕುವಂತಿಲ್ಲ, ದೇಶದೊಳಗಿನ ಗಣಿಯದೇ ಆಗಬೇಕು. ಆ ವರ್ಷಗಳಲ್ಲಿ ದೇಶದ ಯುರೇನಿಯಂ ಸಾಲದೆ ಸ್ಥಾವರಗಳು ಅರೆಬರೆ ಓಡಿದವು. ಕೈಗಾದ ನಾಲ್ಕನೆಯ ಘಟಕ ಇಂಧನಕ್ಕಾಗಿ ಕಾದು ಕೂತಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸಿಕ್ಕ ಯುರೇನಿಯಂ ನಿಕ್ಷೇಪದ ಮೇಲೆ ಸರಕಾರಕ್ಕೆ ಅಷ್ಟೊಂದು ಆಸಕ್ತಿ ಏಕೆ, ಅಲ್ಲಿನ ಜನ ಗಣಿಗೆ ಏಕೆ ಅಡ್ಡ ನಿಂತರು ಎಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಮಾಹಿತಿಯ ಬಾಗಿಲು ಮುಚ್ಚಿದ್ದೂ ಬಾಂಬಿನೊಂದಿಗಿನ ಈ ನಂಟಿನಿಂದಲೇ. ಬಾಂಬಿಗೆ ಸಂಬಂಧಿಸಿದ ಗುಟ್ಟನ್ನು ಯಾವ ದೇಶವೂ ಹೊರಗೆಡಹುವುದಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಆದರೆ ಅಣೆಕಟ್ಟು ಒಡೆದರೆ ಪ್ರವಾಹ ಎಷ್ಟು ಎತ್ತರಕ್ಕೆ ಬರುತ್ತದೆ, ನದಿನೀರಿನಲ್ಲಿ ಟ್ರಿಟಿಯಂ ಎಷ್ಟಿದೆ ಎಂಬುದೂ ಗುಟ್ಟಿನ ಪೆಟ್ಟಿಗೆಗೆ ಸೇರಿತು. ಅದು ಸೇರಬಾರದಿತ್ತು. ಸುರಕ್ಷತೆ ನೋಡಿಕೊಳ್ಳಲು 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ದಶಕಗಳ ಕಾಲ ಪರಮಾಣು ಶಕ್ತಿ ಆಯೋಗಕ್ಕೇ ವರದಿ ಒಪ್ಪಿಸುತ್ತಿತ್ತು. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ನಡೆಸುವ ನಿಗಮವೂ ಅದೇ ಇಲಾಖೆಗೆ ಸೇರಿದ್ದು. ಗುಮ್ಮಟ ಕುಸಿದಾಗ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ನಿವೃತ್ತಿಯ ನಂತರ ಈ ವ್ಯವಸ್ಥೆಯನ್ನು ಬಹಿರಂಗವಾಗಿ ಟೀಕಿಸಿದರು. 2012ರಲ್ಲಿ ಮಹಾಲೇಖಪಾಲರ ವರದಿಯೂ ಮಂಡಳಿಗೆ ಸ್ವಾಯತ್ತತೆ ಇಲ್ಲವೆಂದು ಹೇಳಿತು.

ವಿದ್ಯುತ್ತಿನ ಲೆಕ್ಕ ಇಷ್ಟು ತೊಡಕಿನದಲ್ಲ. ಕೈಗಾದ ಒಟ್ಟು ಸಾಮರ್ಥ್ಯ 880 ಮೆಗಾವ್ಯಾಟ್, ಪಾವಗಡದ ಸೌರ ಪಾರ್ಕಿನದು 2,050. ಸೂರ್ಯ ಹಗಲಷ್ಟೇ ಇರುವುದರಿಂದ ಸೌರಫಲಕಗಳು ವರ್ಷದ ಸರಾಸರಿಯಲ್ಲಿ ತಮ್ಮ ಸಾಮರ್ಥ್ಯದ ಐದನೇ ಒಂದರಷ್ಟು ಕೊಡುತ್ತವೆ. ಚೆನ್ನಾಗಿ ಓಡುವ ಅಣುಸ್ಥಾವರ ನೂರಕ್ಕೆ 80ರ ಮೇಲೆ ಕೊಡುತ್ತದೆ. ಹಾಗೆ ನೋಡಿದರೆ ಪಾವಗಡದಿಂದ ಸರಾಸರಿ 400 ಮೆಗಾವ್ಯಾಟಿನ ಆಸುಪಾಸು, ಕೈಗಾದಿಂದ 700ಕ್ಕೂ ಹೆಚ್ಚು, ಅದೂ ಹಗಲುರಾತ್ರಿ ಒಂದೇ ಸಮನೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾದಾಗ ರಾಜ್ಯ ಕಂಡ ವಿದ್ಯುತ್ ಅಭಾವ ಇಂಥ ನಿರಂತರ ವಿದ್ಯುತ್ತಿನ ಬೆಲೆಯನ್ನು ತಿಳಿಸಿತು. ಎದುರು ವಾದಕ್ಕೂ ತೂಕವಿದೆ. ಕೈಗಾದ ಮೊದಲೆರಡು ಘಟಕಗಳ ಕೆಲಸ ಶುರುವಾದದ್ದು 1989ರಲ್ಲಿ, ವಿದ್ಯುತ್ತು ಬಂದದ್ದು ಹನ್ನೊಂದು ವರ್ಷಗಳ ನಂತರ. ಸೌರ ಘಟಕ ಒಂದೆರಡು ವರ್ಷದಲ್ಲಿ ಎದ್ದು ನಿಲ್ಲುತ್ತದೆ, ಸಂಜೆಗೆ ಬೇಕಾದ್ದನ್ನು ಕೂಡಿಡುವ ವಿದ್ಯೆಯೂ ಅಗ್ಗವಾಗುತ್ತಿದೆ. ಅಂಕಿಗಳನ್ನು ಮುಂದಿಟ್ಟುಕೊಂಡು ಕೂತರೆ ಪರಸ್ಪರ ಒಪ್ಪಬಹುದಾದ ಭಾಗ ಇದು.

ರಾಜಕಾರಣದ ಪ್ರಶ್ನೆಗೆ ಯಾವ ಅಂಕಿಯೂ ಉತ್ತರ ಕೊಡದು. ವಿದ್ಯುತ್ತು ದಕ್ಷಿಣದ ಜಾಲಕ್ಕೆ ಸೇರಿ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ. ಅಪಾಯ ಮಾತ್ರ ಒಂದು ಕಣಿವೆಯದು. ಸೂಪಾ, ಕೊಡಸಳ್ಳಿ, ಕದ್ರಾ ಮುಳುಗಡೆ, ಕಾರವಾರದ ಸೀಬರ್ಡ್ ನೌಕಾನೆಲೆ, ಅದರ ಮೇಲೆ ಕೈಗಾ. ದೇಶದ ಹೆಸರಿನಲ್ಲಿ ಮತ್ತೆ ಮತ್ತೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಅದು. ಅಣುಸ್ಥಾವರದ ಸುತ್ತ 16 ಕಿಲೋಮೀಟರಿನೊಳಗೆ ತುರ್ತು ಯೋಜನೆ ಇರಬೇಕೆಂಬುದು ನಿಯಮ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚಿದಾಗ ಆ ಯೋಜನೆ ಹೇಗೆ ನಡೆದೀತು? 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದ್ದನ್ನು, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೆಯ ಘಟಕಗಳಿಗೆ ಕೇಂದ್ರ ಸರಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿತು. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಹಳೆಯ ಪ್ರಶ್ನೆಗಳೇ ಮತ್ತೆ ಎದ್ದವು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ಎರಡು ಘಟಕಗಳು ಸೇರಿದರೆ ಕೈಗಾದ ಸಾಮರ್ಥ್ಯ 2,280 ಮೆಗಾವ್ಯಾಟ್ ಆಗುತ್ತದೆ. ಬಳಸಿದ ಇಂಧನವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಿಡಬೇಕು, ಆಮೇಲೆ ಮರುಸಂಸ್ಕರಣೆಗೆ ಸಾಗಿಸಬೇಕು ಅಥವಾ ಒಣ ಸಂಗ್ರಹಾಗಾರದಲ್ಲಿ ಇಡಬೇಕು. ಅದರೊಳಗಿನ ಪ್ಲುಟೋನಿಯಂ-239ರ ಅರ್ಧಾಯುಷ್ಯ 24,000 ವರ್ಷಕ್ಕೂ ಹೆಚ್ಚು. ಸಾವಿರಾರು ವರ್ಷ ಉಳಿಯುವ ಆ ತ್ಯಾಜ್ಯವನ್ನು ಶಾಶ್ವತವಾಗಿ ಹೂಳಲು ಭಾರತದಲ್ಲಿ ಇನ್ನೂ ಒಂದು ತಾಣ ಸಿದ್ಧವಾಗಿಲ್ಲ.